ಆಗುಂಬೆ ರಸ್ತೆಯಲ್ಲಿ ಅರ್ಥವಾದ ಕ್ರಾಸ್-ಪೋಲ್

ವಿಸ್ಯಾಟ್ (ಸಣ್ಣ ಡಿಶ್ ಇಟ್ಟು ಉಪಗ್ರಹದ ಮೂಲಕ ನೆಟ್‌ವರ್ಕ್ ಕೊಡುವ ವ್ಯವಸ್ಥೆ) ಕೆಲಸಕ್ಕೆ ಸೇರಿದಾಗ ಅಜಿಮತ್ (ಡಿಶ್ ತಿರುಗಬೇಕಾದ ದಿಕ್ಕು), ಎಲಿವೇಶನ್ (ಮೇಲಕ್ಕೆ ಎತ್ತಬೇಕಾದ ಕೋನ), ಪೋಲರೈಸೇಶನ್ (ಅಲೆ ಕಂಪಿಸುವ ದಿಕ್ಕು) ಎಲ್ಲವೂ ನನಗೆ ಬಾಯಿಪಾಠ ಆಗಿದ್ದವು. ಅರ್ಥ ಆಗಿದ್ದು ಮಾತ್ರ ತೀರ್ಥಹಳ್ಳಿ–ಆಗುಂಬೆ ರಸ್ತೆಯ ಒಂದು ಬ್ಯಾಂಕ್ ಶಾಖೆಯ ತಾರಸಿಯ ಮೇಲೆ.

ನಮ್ಮ ಲಿಂಕ್ ಜಿಸ್ಯಾಟ್-30 ಮೇಲೆ. 2020ರ ಜನವರಿಯಲ್ಲಿ ಹಾರಿದ ಈ ಉಪಗ್ರಹ 83 ಡಿಗ್ರಿ ಪೂರ್ವದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಆಗುಂಬೆಯಿಂದ ಅಜಿಮತ್ 149 ಡಿಗ್ರಿ ಹತ್ತಿರ, ಅಂದರೆ ದಕ್ಷಿಣದಿಂದ ಪೂರ್ವಕ್ಕೆ ವಾಲಿದ ದಿಕ್ಕು. ಎಲಿವೇಶನ್ 72, ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಡಿಶ್ ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ. ಆಫ್‌ಸೆಟ್ ಡಿಶ್‌ನಲ್ಲಿ ಫೀಡ್ (ಅಲೆ ಕಳಿಸಿ ಹಿಡಿಯುವ ಭಾಗ) ನಡುವೆ ಇರದೆ ಕೆಳಗಡೆ ಇರುವುದರಿಂದ ಮುಖ ಇಪ್ಪತ್ತು ಚಿಲ್ಲರೆ ಡಿಗ್ರಿ ಕೆಳಗೇ ಇರುತ್ತದೆ. ನಾನು ಮುಖವನ್ನೇ 72ಕ್ಕೆ ಎತ್ತಿ ಒಂದು ಗಂಟೆ ಸಿಗ್ನಲ್ ಹುಡುಕಿದ್ದೆ.

ಕೊನೆಗೆ ಸಿಗ್ನಲ್ ಸಿಕ್ಕಿತು, ಮೋಡೆಮ್ ಲಾಕ್ ಆಯಿತು. ಕೆಲಸ ಮುಗಿಯಿತು ಅಂದುಕೊಂಡೆ. ಹಬ್‌ನಲ್ಲಿದ್ದ (ಎಲ್ಲ ಡಿಶ್‌ಗಳ ಲಿಂಕ್ ಬಂದು ಸೇರುವ ಕೇಂದ್ರ) ಎಂಜಿನಿಯರ್ ಬಿಡಲಿಲ್ಲ. ಬರೀ ಕ್ಯಾರಿಯರ್ (ಡೇಟಾ ಇಲ್ಲದ ಖಾಲಿ ಅಲೆ) ಕಳಿಸಲು ಹೇಳಿ, ತಮ್ಮ ಕಡೆ ಅಳೆದರು. "ಕ್ರಾಸ್-ಪೋಲ್ 18 ಡಿಬಿ ಅಷ್ಟೇ ಇದೆ, 30 ಬೇಕು. ಫೀಡ್ ತಿರುಗಿಸಿ."

ಒಂದೇ ಫ್ರೀಕ್ವೆನ್ಸಿಯನ್ನು ಉಪಗ್ರಹ ಎರಡು ಸಲ ಬಳಸುತ್ತದೆ: ಒಂದು ಅಡ್ಡಕ್ಕೆ ಕಂಪಿಸುವ ಅಲೆ, ಇನ್ನೊಂದು ಉದ್ದಕ್ಕೆ, ಅಂದರೆ ಮೇಲೆ-ಕೆಳಗೆ ಕಂಪಿಸುವ ಅಲೆ. ನಮ್ಮದು ಪಕ್ಕದ್ದಕ್ಕೆ ಸೋರಿದರೆ ಇನ್ಯಾರದೋ ಲಿಂಕ್ ಕೆಡುತ್ತದೆ. ಇವೆರಡು ಎಷ್ಟು ಬೇರೆಯಾಗಿವೆ ಅನ್ನುವ ಅಳತೆಯೇ ಹಬ್ ಹೇಳಿದ ಕ್ರಾಸ್-ಪೋಲ್, ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ. 30 ಡಿಬಿ ಅಂದರೆ ಸೋರುವುದು ಸಾವಿರದಲ್ಲಿ ಒಂದು ಪಾಲು. ಉಪಗ್ರಹ ನಮಗೆ ನೇರ ದಕ್ಷಿಣಕ್ಕೆ ಇಲ್ಲದೆ ಪೂರ್ವಕ್ಕೆ ವಾಲಿರುವುದರಿಂದ, ಅದರ 'ಉದ್ದ' ನಮ್ಮ 'ಉದ್ದ'ಕ್ಕೆ ಹೊಂದುವುದಿಲ್ಲ. ಅಲ್ಲಿ ಆ ಓರೆ ಸುಮಾರು 30 ಡಿಗ್ರಿ.

ನಟ್ ಸಡಿಲ ಮಾಡಿ ಫೀಡ್ ಹಿಡಿದೆ. ಫೋನ್ ಸ್ಪೀಕರ್‌ನಲ್ಲಿ ಲೆಕ್ಕ ಕೇಳುತ್ತಿತ್ತು: 21, 24, 23. ಉಗುರಿನಷ್ಟು ಹಿಂದಕ್ಕೆ. 27, 31. "ಹಾಂ, ಅಲ್ಲೇ ಬಿಗಿ ಮಾಡಿ!" ಬಿಗಿ ಮಾಡುವಾಗ 28ಕ್ಕೆ ಜಾರಿತು, ಮತ್ತೆ ತಿರುಗಿಸಿದೆ. ಈ ಹೊತ್ತಿನಲ್ಲಿ ಫೀಡ್ ಮುಂದೆ ತಲೆ ಒಡ್ಡಬೇಡಿ, ಹಿಂದಿನಿಂದಲೇ ಕೈ ಹಾಕಿ. ಬಿಯುಸಿ (ಸಿಗ್ನಲ್ ಅನ್ನು ಉಪಗ್ರಹಕ್ಕೆ ಕಳಿಸುವ ಟ್ರಾನ್ಸ್‌ಮಿಟರ್) ಪವರ್ ಬಿಡುತ್ತಲೇ ಇರುತ್ತದೆ.

ಮರುದಿನ ಮ್ಯಾನೇಜರ್ ಕೇಳಿದರು, "ಪಿಂಗ್ 600 ಮಿಲಿಸೆಕೆಂಡ್ ಬರ್ತಿದೆ, ದೊಡ್ಡ ಪ್ಲಾನ್ ತಗೊಂಡ್ರೆ ಸರಿಹೋಗುತ್ತಾ?" ಇಲ್ಲ ಸರ್, ದುಡ್ಡು ದಂಡ ಅಂದೆ. ಪಿಂಗ್ ಅಂದರೆ ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು. ಪ್ರಶ್ನೆ ಉಪಗ್ರಹಕ್ಕೆ ಹೋಗಿ ಹಬ್‌ಗೆ ಇಳಿಯಬೇಕು, ಉತ್ತರವೂ ಹಾಗೇ ಬರಬೇಕು. ನಾಲ್ಕು ಸಲ 36,000 ಕಿ.ಮೀ. ಬೆಳಕಿಗೂ ಅದಕ್ಕೆ ಅರ್ಧ ಸೆಕೆಂಡ್ ಹಿಡಿಯುತ್ತದೆ.

ನಮ್ಮ ಲಿಂಕ್ ಬಳಸುವ ಫ್ರೀಕ್ವೆನ್ಸಿ ಪಟ್ಟಿ ಕೆಯು ಬ್ಯಾಂಡ್‌. ಅದಕ್ಕೆ ಮಳೆ ಆಗಿಬರುವುದಿಲ್ಲ. ಸಿಗ್ನಲ್ ಕುಸಿದಾಗ ಹಬ್ ಮಾಡ್ಯುಲೇಶನ್ (ಅಲೆಯಲ್ಲಿ ಡೇಟಾ ತುಂಬುವ ರೀತಿ) ಇಳಿಸುತ್ತದೆ. ಸ್ಪೀಡ್ ಕಮ್ಮಿಯಾದರೂ ಲಿಂಕ್ ಉಳಿಯುತ್ತದೆ. ಇದನ್ನು ಶಾಖೆಯ ಕ್ಲರ್ಕ್‌ಗೆ ಮೋಡೆಮ್ ಪುಟ ತೆರೆದು, ಅಲ್ಲಿನ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ) ತೋರಿಸಿ ಬಂದಿದ್ದೆ. ಜುಲೈನಲ್ಲಿ ಅವರೇ ಫೋನ್ ಮಾಡಿದರು.

"ಸರ್, ಇಲ್ಲಿ ಜೋರು ಮಳೆ. ಎಸ್‌ಎನ್‌ಆರ್ 14 ಇದ್ದದ್ದು 8ಕ್ಕೆ ಬಂದಿದೆ. ಲಿಂಕ್ ಮಾತ್ರ ಹೋಗಿಲ್ಲ, ನೀವು ಬರೋದೇನೂ ಬೇಡ."