ಶೆಡ್ಡಿನಲ್ಲಿ ಕಟ್ಟಿದ 28 ಅಡಿ ದೋಣಿ

ಮನೆ ಹಿಂದಿನ ಶೆಡ್ಡಿನಲ್ಲಿ 28 ಅಡಿ ಉದ್ದದ ಫೈಬರ್ ಹಲ್, ಅಂದರೆ ದೋಣಿಯ ಒಡಲು, ಕಟ್ಟಿದೆ. ನನಗೆ ಬೇಕಿದ್ದದ್ದು ಒಂದೇ ದೋಣಿ. ಅದಕ್ಕಾಗಿ ದೊಡ್ಡ ಅಚ್ಚು ಮಾಡುವುದೆಂದರೆ ಎರಡು ದೋಣಿ ಕಟ್ಟಿದಷ್ಟು ಕೆಲಸ, ಅಲ್ವಾ? ಅದರ ಬದಲು ಪ್ಲೈವುಡ್ ಚೌಕಟ್ಟುಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಮೇಲೆ ಮರದ ಪಟ್ಟಿ ಬಡಿದೆ. ಪಟ್ಟಿಗಳ ಮೇಲೆ ಪಿವಿಸಿ ಫೋಮ್ ಹಾಳೆ ಕೂರಿಸಿ ಒಳಗಿನಿಂದ ಸ್ಕ್ರೂ ಹಾಕಿದೆ. ಮೊದಲು ಫೋಮಿನ ಹೊರಮೈಗೆ ಫೈಬರ್ (ರೆಸಿನ್ ಅನ್ನೋ ಅಂಟು ದ್ರವ ಕುಡಿಸಿದ ಗಾಜಿನ ನಾರು), ತಿರುಗಿಸಿದ ಮೇಲೆ ಒಳಮೈಗೆ.

ಪಿವಿಸಿ ಫೋಮ್ ಬದಲು ಥರ್ಮೋಕೋಲ್ ಸಾಕಲ್ವಾ ಅಂತ ತುಂಬಾ ಜನ ಕೇಳಿದ್ದಾರೆ. ಒಂದು ತುಂಡಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿದು ನೋಡಿದ್ದೆ. ನೋಡ್ತಾ ಇದ್ದಂತೆ ಕರಗಿ ಗುಂಡಿ ಬಿತ್ತು. ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನೋ ದ್ರಾವಕ ಅದನ್ನು ತಿಂದು ಹಾಕುತ್ತದೆ.

ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ನಾರಿನ ಹಾಸು) ಒಂದು ಚದರ ಮೀಟರ್ ಹಾಸಿದರೆ ಸುಮಾರು 1.1 ಕಿಲೋ ರೆಸಿನ್ ಕುಡಿಯುತ್ತದೆ. ಜಾಸ್ತಿ ಸುರಿದರೆ ಬಲ ಹೆಚ್ಚುವುದಿಲ್ಲ, ಸುಮ್ನೆ ಭಾರವಾಗುತ್ತದೆ, ಬಿರುಕು ಬಿಡುತ್ತದೆ. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ನಾನು ಕಿಲೋಗೆ 15 ಗ್ರಾಂ ಹಾಕುತ್ತಿದ್ದೆ. ಸೆಕೆ ಜಾಸ್ತಿ ಇದ್ದ ದಿನ 10 ಗ್ರಾಂ. ಒಂದು ಸಲಕ್ಕೆ ಒಂದು ಕಿಲೋಗಿಂತ ಹೆಚ್ಚು ಕಲಸಬೇಡಿ. ಬಕೆಟ್‌ನಲ್ಲೇ ಉಳಿದ ರೆಸಿನ್ ತನ್ನ ಬಿಸಿಗೆ ತಾನೇ ಕುದಿದು ಹೊಗೆ ಬಿಡುತ್ತದೆ. ಅಗಲ ತಟ್ಟೆಗೆ ಸುರಿದುಕೊಂಡರೆ ಸಮಯ ಸಿಗುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹಾರ್ಡನರ್ ಒಂದು ಹನಿ ಸಿಡಿದರೂ ಕಣ್ಣು ಹೋಗಬಹುದು. ಬಟ್ಟೆ ಮಾಸ್ಕ್ ಸ್ಟೈರೀನ್ ವಾಸನೆ ತಡೆಯುವುದಿಲ್ಲ, ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ನಾನು ತಪ್ಪಿದ್ದು ಒಂದು ಸಂಜೆ. ಬಲಬದಿಯಲ್ಲಿ ಇನ್ನೊಂದು ಅಗಲ ಮ್ಯಾಟ್ ಹಾಸುವುದು ಉಳಿದಿತ್ತು. ತಟ್ಟೆಯಲ್ಲಿದ್ದ ರೆಸಿನ್ ಜೇನಿನ ಹಾಗೆ ದಪ್ಪಗಾಗಿ ಬ್ರಷ್‌ಗೆ ಎಳೆ ಎಳೆಯಾಗಿ ಅಂಟುತ್ತಿತ್ತು. ಅದನ್ನು ಎಸೆದು ಹೊಸದು ಕಲಸಬೇಕಿತ್ತು. ಮುಗಿಸಿಬಿಡೋಣ ಅಂತ ಅದನ್ನೇ ಹಚ್ಚಿ ರೋಲರ್ ಎಳೆದೆ. ಮೇಲೆ ನೋಡಿದರೆ ಚೆನ್ನಾಗೇ ಕಾಣುತ್ತಿತ್ತು.

ಮರುದಿನ ತಮ್ಮ ನಾಣ್ಯ ಹಿಡಿದು ಇಡೀ ಹಲ್ ತಟ್ಟುತ್ತಾ ಬಂದ. ಎಲ್ಲ ಕಡೆ ಗಟ್ಟಿ "ಟಕ್ ಟಕ್". ಅಲ್ಲಿಗೆ ಬಂದಾಗ "ಡಬ್".

"ಅಣ್ಣಾ, ಇಲ್ಲಿ ಕೇಳು. ಒಳಗೆ ಟೊಳ್ಳು."

ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಅಂಗೈಯಗಲ ಅಲ್ಲ, ಎರಡು ಚದರ ಅಡಿ! ಫೋಮಿಗೆ ಫೈಬರ್ ಹಿಡಿದೇ ಇರಲಿಲ್ಲ. ಬಿಟ್ಟರೆ ನೀರು ಅಲೆ ಅಲೆಯಾಗಿ ಬಡಿದಾಗ ಆ ಜಾಗದಿಂದಲೇ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಆ ಭಾಗವನ್ನು ಫೋಮಿನವರೆಗೆ ಕತ್ತರಿಸಿ ತೆಗೆದೆವು. ಸುತ್ತಲಿನ ಅಂಚನ್ನು ಗ್ರೈಂಡರ್‌ನಲ್ಲಿ ಇಳಿಜಾರಾಗಿ ತೆಗೆದೆವು, ದಪ್ಪದ 12 ಪಟ್ಟು ಅಗಲಕ್ಕೆ. ಫೈಬರ್ 5 ಮಿಲಿಮೀಟರ್ ಇದ್ದರೆ ಇಳಿಜಾರು 60 ಮಿಲಿಮೀಟರ್. ಬರೀ ಅಂಚಿಗೆ ಅಂಚು ತಾಗಿಸಿದ ತೇಪೆ ನಿಲ್ಲುವುದಿಲ್ಲ. ಈ ಸಲ ಮೊದಲು ಫೋಮಿಗೇ ತೆಳ್ಳಗೆ ರೆಸಿನ್ ಕುಡಿಸಿ, ಅದು ಹಸಿ ಇರುವಾಗಲೇ ಮ್ಯಾಟ್ ಹಾಸಿದೆ. ಎರಡು ಗಂಟೆಯಲ್ಲಿ ಮುಗಿಸಬಹುದಿದ್ದ ಕೆಲಸಕ್ಕೆ ಮೂರು ದಿನ ಹೋಯಿತು. ಆಮೇಲಿಂದ ಪ್ರತಿ ದಿನ ಬೆಳಗ್ಗೆ ನಾಣ್ಯ ತಟ್ಟಿ ಕೇಳದೆ ಮುಂದಿನ ಪದರ ಹಾಕಲಿಲ್ಲ.

ತಿರುಗಿಸುವ ಮುಂಚೆ ಹಲ್ ಕೂರಿಸಲು ತೊಟ್ಟಿಲು ಮಾಡಿಟ್ಟುಕೊಳ್ಳಿ. ಹಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಅಡ್ಡಕ್ಕೆ ಫೈಬರ್ ಪಟ್ಟಿಗಳನ್ನು ಹಾಕಿ, ಅವಕ್ಕೆ ಮರದ ಕಾಲು ಕಟ್ಟಿದೆ. ಹೊರಮೈಯ ಅಳತೆ ಅದರಲ್ಲಿ ಹಾಗೇ ಉಳಿಯುತ್ತದೆ. ಒಳಗಿನ ಫೈಬರ್ ಇಲ್ಲದ ಹಲ್ ಬಳುಕುತ್ತದೆ. ಚೌಕಟ್ಟು ತೆಗೆದ ಕೂಡಲೇ ಬಾಯಿ ಅಗಲಿಸಿಕೊಳ್ಳಬಹುದು. ಚೌಕಟ್ಟಿನ ಸಮೇತ, ಚೈನ್ ಬ್ಲಾಕಿನಲ್ಲಿ ಎತ್ತಿ, ಹಳೇ ಟೈರುಗಳ ಮೇಲೆ ನಿಧಾನಕ್ಕೆ ಹೊರಳಿಸಿ ತೊಟ್ಟಿಲಿಗೆ ಇಳಿಸಿದೆವು. ಆಮೇಲೆ ಒಂದೊಂದೇ ಸ್ಕ್ರೂ ಬಿಚ್ಚಿ ಚೌಕಟ್ಟು ತೆಗೆದು, ಎರಡೂ ಅಂಚಿನ ನಡುವೆ ದಾರ ಹಿಡಿದು ಅಳೆದೆವು. 4 ಮಿಲಿಮೀಟರ್ ಮಾತ್ರ ವ್ಯತ್ಯಾಸ. ಅಡ್ಡಕ್ಕೆ ಒಂದು ಪಟ್ಟಿ ಬಿಗಿದು ಸರಿಮಾಡಿ, ಮರುದಿನ ಬೆಳಗ್ಗೆ ಒಳಗಿನ ಮೊದಲ ಮ್ಯಾಟ್ ಹಾಸಿದೆವು.