ಹೊಸದಾಗಿ ಕೂರಿಸಿದ ಕಾರ್ ಎಂಜಿನ್ ಅನ್ನು ಪಳಗಿಸುವ ಕ್ರಮ

ರೀಬೋರ್ ಮಾಡಿಸಿ (ಸಿಲಿಂಡರನ್ನು ಕೊರೆದು ಅಗಲ ಮಾಡಿಸಿ), ಹೊಸ ಪಿಸ್ಟನ್ ಮತ್ತು ಅದರ ಸುತ್ತ ಕೂರುವ ರಿಂಗ್‌ಗಳನ್ನು ಹಾಕಿ ಕಾರಿನಲ್ಲಿ ಕೂರಿಸಿದ ಎಂಜಿನ್ ನೋಡುವುದಕ್ಕೆ ಸಿದ್ಧವಾಗಿದ್ದರೂ ಅದರ ಒಂದು ಕೆಲಸ ಇನ್ನೂ ಬಾಕಿ ಇರುತ್ತದೆ. ಅದು ಯಾವ ಯಂತ್ರದ ಮೇಲೂ ಮುಗಿಯುವಂಥದ್ದಲ್ಲ. ಎಂಜಿನ್ ತಾನೇ ಓಡುತ್ತಾ ಮುಗಿಸಿಕೊಳ್ಳಬೇಕಾದದ್ದು. ಸಿಲಿಂಡರ್ ಗೋಡೆಗೆ ಹೋನಿಂಗ್ ಮಾಡಿದಾಗ, ಅಂದರೆ ಸಾಣೆಕಲ್ಲಿನಿಂದ ಉಜ್ಜಿದಾಗ, ಒಂದನ್ನೊಂದು ಅಡ್ಡಹಾಯುವ ಸೂಕ್ಷ್ಮವಾದ ಗೆರೆಗಳು ಮೂಡುತ್ತವೆ. ಆ ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಅವುಗಳ ಏಣು ರಿಂಗಿನ ಮುಖವನ್ನು ಅರದಂತೆ ಉಜ್ಜಿ, ತಾನೂ ಸವೆದು, ಎರಡೂ ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುತ್ತದೆ. ಈ ಏಣುಗಳು ಬಹಳ ಕಾಲ ಉಳಿಯುವುದಿಲ್ಲ. ಮೊದಲ ಕೆಲವು ಗಂಟೆಗಳ ಓಟದಲ್ಲೇ ಅವು ಸವೆದುಹೋಗುವುದರಿಂದ, ರಿಂಗ್ ಸರಿಯಾಗಿ ಕೂರುವುದಾದರೆ ಅಷ್ಟರೊಳಗೆ ಕೂರಬೇಕು.

ರಿಂಗ್ ತನ್ನ ಸ್ಪ್ರಿಂಗ್ ಗುಣದಿಂದಲೇ ಗೋಡೆಗೆ ಒತ್ತಿಕೊಂಡಿರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆ ಒತ್ತಡ ಇದೆ, ಆದರೆ ಅದು ಅಲ್ಪ. ಇಂಧನ ಉರಿದಾಗ ಹುಟ್ಟುವ ಅನಿಲವು ರಿಂಗ್ ಕುಳಿತಿರುವ ಕಚ್ಚಿನೊಳಗೆ ನುಗ್ಗಿ, ರಿಂಗಿನ ಬೆನ್ನಿನ ಕಡೆಯಿಂದ ಅದನ್ನು ಹೊರಕ್ಕೆ ತಳ್ಳಿ ಗೋಡೆಗೆ ಒತ್ತುವುದೇ ಮುಖ್ಯವಾದ ಬಲ. ಆಕ್ಸಿಲರೇಟರ್ ಹೆಚ್ಚು ತುಳಿದಷ್ಟೂ, ಎಂಜಿನ್ ಭಾರ ಎಳೆದಷ್ಟೂ ಈ ಒತ್ತಡ ಹೆಚ್ಚುತ್ತದೆ. ನಿಂತಲ್ಲೇ ಸ್ಲೋನಲ್ಲಿ ಓಡುವ ಎಂಜಿನ್ನಿನಲ್ಲಿ ಅದು ತೀರಾ ಕಡಿಮೆ. ಆದ್ದರಿಂದ ಹೊಸ ಎಂಜಿನ್ ಎಂಬ ಪ್ರೀತಿಯಿಂದ ಮನೆಯ ಮುಂದೆ ಗಂಟೆಗಟ್ಟಲೆ ಸ್ಲೋನಲ್ಲಿ ಓಡಿಸುವುದು, ನೂರಾರು ಕಿಲೋಮೀಟರ್ ಒಂದೇ ವೇಗದಲ್ಲಿ ಮೆಲ್ಲಗೆ ಹೋಗುವುದು ಎಂಜಿನ್ನಿಗೆ ಒಳಿತು ಮಾಡುವುದಿಲ್ಲ. ರಿಂಗ್ ದಾಟಿ ಮೇಲೆ ಬಂದ ಆಯಿಲ್ ಗೋಡೆಯ ಮೇಲೆ ಬೆಂದು ಗಟ್ಟಿಯಾದ ನುಣುಪು ಪದರವಾಗಿ ಅಂಟಿಕೊಳ್ಳುತ್ತದೆ. ಗೋಡೆ ಹೀಗೆ ಗ್ಲೇಜ್ ಆದ ಮೇಲೆ ರಿಂಗಿಗೆ ಉಜ್ಜಿಕೊಳ್ಳಲು ಒರಟೇ ಉಳಿದಿರುವುದಿಲ್ಲ.

ಸ್ಟಾರ್ಟ್ ಮಾಡುವ ಮೊದಲಿನ ಕೆಲಸದಲ್ಲಿ ಆತುರ ಬೇಡ. ಎಂಜಿನ್ ತಯಾರಕರು ಅಥವಾ ಎಂಜಿನ್ ಕಟ್ಟಿಕೊಟ್ಟವರು ಆಯಿಲ್ ಬಗ್ಗೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಸೂಚನೆ ಇಲ್ಲದಿದ್ದಲ್ಲಿ, ಎಂಜಿನ್ನಿಗೆ ಹೇಳಿರುವ ಗ್ರೇಡಿನ ಮಿನರಲ್ ಆಯಿಲ್ ಹಾಕುವುದು ವಾಡಿಕೆ. ಘರ್ಷಣೆಯನ್ನು ವಿಶೇಷವಾಗಿ ತಗ್ಗಿಸುವ ಆಯಿಲ್ ಈ ಹಂತದಲ್ಲಿ ಬೇಕಾದ ಉಜ್ಜುವಿಕೆಗೇ ಅಡ್ಡಿಯಾಗಬಹುದು. ಫಿಲ್ಟರನ್ನು ನೆಟ್ಟಗೆ ಕೂರಿಸುವಂತಿದ್ದರೆ ಅದಕ್ಕೆ ಆಯಿಲ್ ತುಂಬಿಸಿಯೇ ಹಾಕಬೇಕು. ಟರ್ಬೊ ಇದ್ದರೆ ಅದರ ಆಯಿಲ್ ಪೈಪ್ ಜೋಡಿಸುವ ಮೊದಲು ಒಳಗೆ ಸ್ವಲ್ಪ ಶುದ್ಧ ಆಯಿಲ್ ಹಾಕಬೇಕು.

ಆಮೇಲೆ ಬೇರಿಂಗ್‌ಗಳಿಗೆ ಆಯಿಲ್ ತಲುಪಿಸುವ ಕೆಲಸ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಎರಡನ್ನೂ ಕಡಿತಗೊಳಿಸಿ, ಆಯಿಲ್ ಪ್ರೆಶರ್ ಗೇಜಿನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಬೇಕು. ಒಂದು ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುನಡುವೆ ಸ್ಟಾರ್ಟರ್ ತಣ್ಣಗಾಗಲು ಬಿಡಬೇಕು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕಡೆಯಿಂದ ಆಯಿಲ್ ಪಂಪ್ ತಿರುಗುವ ಹಳೆಯ ಮಾದರಿಯ ಎಂಜಿನ್ ಆದರೆ, ಡಿಸ್ಟ್ರಿಬ್ಯೂಟರ್ ತೆಗೆದು, ಅಳತೆಗೆ ಹೊಂದುವ ಕಡ್ಡಿಯೊಂದನ್ನು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ, ಪಂಪನ್ನು ಅದರ ಸರಿಯಾದ ದಿಕ್ಕಿನಲ್ಲಿ ತಿರುಗಿಸುವುದು ಇನ್ನೂ ಉತ್ತಮ. ಗೇಜಿನ ಮುಳ್ಳು ಏಳದಿದ್ದರೆ ಅಲ್ಲಿಗೆ ನಿಲ್ಲಿಸಿ ಕಾರಣ ಹುಡುಕಬೇಕು. ಒಣ ಬೇರಿಂಗ್ ಹಾಳಾಗಲು ಕೆಲವೇ ಸೆಕೆಂಡುಗಳು ಸಾಕು.

ಕೂಲೆಂಟ್ ತುಂಬುವಾಗ ಹೀಟರ್ ಅನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಗಾಳಿ ಹೊರಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಒಳಗೆ ಗಾಳಿ ಉಳಿಯದಂತೆ ನೋಡಿಕೊಳ್ಳಬೇಕು. ಬ್ಯಾಟರಿಯ ಅರ್ಥ್ ಪಟ್ಟಿ, ಇಂಧನದ ಪೈಪುಗಳ ಕ್ಲಿಪ್, ಇಗ್ನಿಷನ್ ಟೈಮಿಂಗ್ ಇವನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಬೆಂಕಿ ಆರಿಸುವ ಸಾಧನ ಕೈಗೆಟಕುವಂತಿರಲಿ. ಎಕ್ಸಾಸ್ಟ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಈ ಕೆಲಸ ಬಯಲಿನಲ್ಲೇ ನಡೆಯಬೇಕು. ಟೈಮಿಂಗ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ: ಎಂಜಿನ್ ಹೊತ್ತಿಕೊಳ್ಳದೆ ಬಹಳ ಹೊತ್ತು ತಿರುಗಿದರೆ, ಜೋಡಿಸುವಾಗ ಕ್ಯಾಮಿಗೆ (ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡಕ್ಕೆ) ಹಚ್ಚಿದ ಪೇಸ್ಟ್ ಅಳಿಸಿಹೋಗುತ್ತದೆ ಮತ್ತು ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ.

ಮೊದಲ ಸ್ಟಾರ್ಟಿನ ನಂತರ ಏನು ಮಾಡಬೇಕೆಂಬುದು ಕ್ಯಾಮಿನ ಮಾದರಿಯನ್ನು ಅವಲಂಬಿಸಿದೆ. ಕ್ಯಾಮ್ ಎಂಜಿನ್ ಬ್ಲಾಕಿನೊಳಗೇ ಇದ್ದು, ಕ್ಯಾಮಿನ ಉಬ್ಬಿನ ತಳ್ಳುವಿಕೆಯನ್ನು ವಾಲ್ವಿನ ಕಡೆಗೆ ದಾಟಿಸುವ, ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್‌ಗಳಿದ್ದು, ಅವೆಲ್ಲ ಹೊಸದಾಗಿದ್ದರೆ, ಎಂಜಿನ್ ಹೊತ್ತಿಕೊಂಡ ಕೂಡಲೇ ಅದನ್ನು 2000 ಆರ್‌ಪಿಎಂಗೆ ಏರಿಸಿ, 2000 ಮತ್ತು 2500ರ ನಡುವೆ ನಿಧಾನವಾಗಿ ಏರಿಳಿಸುತ್ತಾ 20ರಿಂದ 30 ನಿಮಿಷ ಓಡಿಸಬೇಕು. ಅಂಥ ಎಂಜಿನ್ನಿನಲ್ಲಿ ಕ್ಯಾಮಿನ ಉಬ್ಬುಗಳಿಗೆ ಆಯಿಲ್ ಸಿಗುವುದು ಮುಖ್ಯವಾಗಿ ಕ್ರ್ಯಾಂಕ್‌ಶಾಫ್ಟ್ ತಿರುಗುವಾಗ ಎರಚುವ ತುಂತುರಿನಿಂದ. ಸ್ಲೋನಲ್ಲಿ ಆ ತುಂತುರು ಸಾಲದೆ ಉಬ್ಬುಗಳು ಸವೆದುಹೋಗುತ್ತವೆ. ಅದಕ್ಕೆ ಹಾಕುವ ಆಯಿಲಿನಲ್ಲಿ ಸವೆತ ತಡೆಯುವ, ಸತುವು ಮತ್ತು ರಂಜಕ ಸೇರಿದ ಜೆಡ್‌ಡಿಡಿಪಿ ಸಾಕಷ್ಟಿರಬೇಕು. ಈ ಅವಧಿಯಲ್ಲಿ ಎಲ್ಲಾದರೂ ಸೋರಿಕೆ ಕಂಡರೆ ಅಥವಾ ಶಾಖ ಮಿತಿ ಮೀರಿದರೆ ಎಂಜಿನ್ ಆಫ್ ಮಾಡಿ, ಸರಿಪಡಿಸಿ, ಉಳಿದ ನಿಮಿಷಗಳನ್ನು ಆಮೇಲೆ ಪೂರೈಸಬಹುದು; ಸ್ಲೋನಲ್ಲಿ ಬಿಟ್ಟುಕೊಂಡು ದುರಸ್ತಿ ಮಾಡಬಾರದು. ರೋಲರ್ ಟ್ಯಾಪೆಟ್ ಇರುವ ಎಂಜಿನ್ನಿಗೆ ಈ ವಿಧಿ ಅಗತ್ಯವಿಲ್ಲ. ಸೋರಿಕೆ, ಶಬ್ದ, ಆಯಿಲ್ ಒತ್ತಡ ನೋಡಿಕೊಂಡು, ಹದವಾದ ಶಾಖಕ್ಕೆ ಬಂದ ಕೂಡಲೇ ಅದನ್ನು ರಸ್ತೆಗಿಳಿಸುವುದೇ ಮೇಲು.

ರಸ್ತೆಯ ಮೊದಲ ಅರ್ಧ ಗಂಟೆಯೇ ಇಡೀ ಕೆಲಸದ ತಿರುಳು. ವಾಹನ ಸಂಚಾರ ಕಡಿಮೆ ಇರುವ, ಉದ್ದಕ್ಕೆ ನೇರವಾಗಿರುವ ರಸ್ತೆ ಬೇಕು. ಸಣ್ಣ ಏರು ಇದ್ದರೆ ಇನ್ನೂ ಅನುಕೂಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಮೂರನೆಯ ಗೇರಿನಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಿಂದ 80ರವರೆಗೆ, ಆಕ್ಸಿಲರೇಟರನ್ನು ಅರ್ಧದಿಂದ ಮುಕ್ಕಾಲು ಭಾಗ ತುಳಿದು ವೇಗ ಏರಿಸಬೇಕು. ತಕ್ಷಣ ಕಾಲು ತೆಗೆದು, ಗೇರಿನಲ್ಲೇ ಬಿಟ್ಟು, ಬ್ರೇಕ್ ಮುಟ್ಟದೆ ವೇಗ ತಾನಾಗಿ 50ಕ್ಕೆ ಇಳಿಯಲು ಬಿಡಬೇಕು. ಹೀಗೆ ಎಂಟು ಹತ್ತು ಸಲ ಮಾಡಬೇಕು. ವೇಗ ಏರುವಾಗ ಅನಿಲದ ಒತ್ತಡವು ರಿಂಗನ್ನು ಗೋಡೆಗೆ ಒತ್ತಿ ಉಜ್ಜುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದಾಗ ಸಿಲಿಂಡರಿನೊಳಗೆ ಉಂಟಾಗುವ ನಿರ್ವಾತವು ಆಯಿಲನ್ನು ಮೇಲಕ್ಕೆಳೆದು, ರಿಂಗುಗಳನ್ನು ತಣಿಸಿ, ಸವೆದ ಲೋಹದ ಪುಡಿಯನ್ನು ತೊಳೆಯುತ್ತದೆ. ಆದ್ದರಿಂದ ಇಳಿಯುವ ಭಾಗವನ್ನು ಏರುವ ಭಾಗದಷ್ಟೇ ಮುಖ್ಯವೆಂದು ತಿಳಿಯಬೇಕು. ಹೆಚ್ಚಿನವರು ಮರೆಯುವುದೂ ಅದನ್ನೇ. ಡೀಸೆಲ್ ಎಂಜಿನ್ನಿಗೆ ಆ ನಿರ್ವಾತದ ಲಾಭ ಅಷ್ಟಾಗಿ ಸಿಗದಿದ್ದರೂ ಭಾರದ ಅಗತ್ಯ ಹಾಗೆಯೇ ಇದೆ, ಮತ್ತು ಸ್ಲೋನಲ್ಲಿ ಬಹಳ ಹೊತ್ತು ಬಿಡುವುದರಿಂದ ಅದಕ್ಕಾಗುವ ಹಾನಿಯೂ ಕಡಿಮೆಯಲ್ಲ.

ಭಾರ ಕೊಡುವುದೆಂದರೆ ಎಂಜಿನ್ ಅರಚುವಂತೆ ಆರ್‌ಪಿಎಂ ಏರಿಸುವುದಲ್ಲ, ಹೆಚ್ಚಿನ ಗೇರಿನಲ್ಲಿ ಕಡಿಮೆ ವೇಗದಲ್ಲಿ ಅದು ನಡುಗುವಂತೆ ಎಳೆಸುವುದೂ ಅಲ್ಲ. ಈ ಎರಡರಲ್ಲಿ ಎಳೆಸುವುದು ಬೇರಿಂಗುಗಳಿಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಕಡಿಮೆ ಆರ್‌ಪಿಎಂನಲ್ಲಿ ಆಯಿಲ್ ಪದರ ತೆಳುವಾಗಿರುವಾಗಲೇ ದೊಡ್ಡ ಬಲ ಬೀಳುತ್ತದೆ. ಮುಂದಿನ 500ರಿಂದ 800 ಕಿಲೋಮೀಟರ್‌ವರೆಗೆ ವೇಗವನ್ನು ಆಗಾಗ ಬದಲಿಸುತ್ತಾ ಓಡಿಸಬೇಕು, ಕ್ರೂಸ್ ಕಂಟ್ರೋಲ್ ಬಳಸಬಾರದು, ಟ್ರೈಲರ್ ಎಳೆಯಬಾರದು.

ಮೊದಲ ಆಯಿಲ್ ಬದಲಾವಣೆಯನ್ನು ನಾನು 100 ಕಿಲೋಮೀಟರಿನೊಳಗೇ ಮಾಡಿಸಲು ಹೇಳುತ್ತೇನೆ. ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನಿಗಾದರೆ ಸ್ಟಾರ್ಟ್ ಮಾಡಿದೊಡನೆ ನಿಂತಲ್ಲೇ ಓಡಿಸುವ ಆ 20ರಿಂದ 30 ನಿಮಿಷ ಮುಗಿದ ಕೂಡಲೇ ಬದಲಿಸಬೇಕು. ಮತ್ತೆ 800 ಕಿಲೋಮೀಟರಿನ ಸುಮಾರಿಗೆ ಇನ್ನೊಮ್ಮೆ ಬದಲಿಸಿ, ಪ್ರತಿ ಸಲವೂ ಫಿಲ್ಟರನ್ನು ಹೊಸದಾಗಿ ಹಾಕಬೇಕು. ಬಿಚ್ಚಿದ ಫಿಲ್ಟರನ್ನು ಎಸೆಯದೆ ಅದರ ಡಬ್ಬಿಯನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿನಲ್ಲಿ ನೋಡಬೇಕು. ನವಿರಾದ ಹೊಳಪಿನ ಪುಡಿ ಕಂಡರೆ ಅದು ಸಹಜ. ಉಗುರಿಗೆ ಸಿಗುವಷ್ಟು ದೊಡ್ಡ ಚೂರುಗಳು ಕಂಡರೆ ಅಯಸ್ಕಾಂತ ಹಿಡಿದು ನೋಡಬೇಕು: ಅಂಟಿಕೊಂಡರೆ ಕಬ್ಬಿಣ ಅಥವಾ ಉಕ್ಕು, ಅಂದರೆ ಕ್ಯಾಮ್, ಟ್ಯಾಪೆಟ್ ಅಥವಾ ರಿಂಗಿನ ಕಡೆಯದು, ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್ನಿನ ಲೋಹ ಇರಬಹುದು. ಎರಡೂ ಸಂದರ್ಭದಲ್ಲಿ ಕಾರನ್ನು ಮುಂದೆ ಓಡಿಸದೆ ಮೂಲ ಹುಡುಕಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್‌ಗಳನ್ನು ಕೆಲವು ಸಲ ಬಿಸಿಯಾಗಿ ತಣ್ಣಗಾದ ನಂತರ ಪರೀಕ್ಷಿಸಬೇಕು. ಹೆಡ್ ಬೋಲ್ಟ್‌ಗಳನ್ನು ಮಾತ್ರ ಗ್ಯಾಸ್ಕೆಟ್ ತಯಾರಕರು ಹೇಳಿದ್ದರಷ್ಟೇ ಮತ್ತೆ ಬಿಗಿಯಬೇಕು. ಹಿಗ್ಗಿಸಿ ಬಿಗಿಯುವ ಮಾದರಿಯ ಬೋಲ್ಟ್‌ಗಳಿಗೆ ಕೈ ಹಾಕುವುದೇ ತಪ್ಪು.

ಆಯಿಲ್ ಮಟ್ಟವನ್ನು ದಿನವೂ, ಸಮತಟ್ಟಾದ ನೆಲದಲ್ಲಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ನೋಡಿ ಬರೆದಿಡಬೇಕು. ಮೊದಲ ದಿನಗಳಲ್ಲಿ ಸ್ವಲ್ಪ ಇಳಿದರೂ, ಇಳಿಯುವ ಪ್ರಮಾಣ ಕ್ರಮೇಣ ಕಡಿಮೆಯಾಗಿ ಒಂದು ಹದಕ್ಕೆ ನಿಂತರೆ ರಿಂಗ್‌ಗಳು ಕೂತಿವೆ. 1500 ಕಿಲೋಮೀಟರ್ ದಾಟಿದ ಮೇಲೂ ನೀಲಿ ಹೊಗೆ ನಿಲ್ಲದೆ, ಎಂಜಿನ್ ಒಳಗಿನ ಅನಿಲ ಹೊರಬರುವ ಬ್ರೀದರ್ ಪೈಪಿನಿಂದ ಹೊಗೆ ಉಗುಳುತ್ತಿದ್ದರೆ ಬಿಸಿ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನ ಒತ್ತಡದ ಅಳತೆ, ಮಾಡಿಸಬೇಕು. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಯದು. ಪೆಟ್ರೋಲ್ ಎಂಜಿನ್ನಿಗೆ ಅನ್ವಯಿಸುವ, ಹೀಗೆ ಆಯಿಲ್ ಹಾಕಿ ಅಳೆಯುವ ಪರೀಕ್ಷೆಯನ್ನು ಡೀಸೆಲ್‌ಗೆ ಮಾಡಬಾರದು. ಗೋಡೆ ಗ್ಲೇಜ್ ಆಗಿರುವುದು ಖಚಿತವಾದರೆ ಆಯಿಲಿಗೆ ಬೆರೆಸುವ ಯಾವ ಔಷಧವನ್ನೂ ನಂಬಿ ಕೂರದೆ, ಹೆಡ್ ಇಳಿಸಿ, ಪಿಸ್ಟನ್ ಹೊರತೆಗೆದು, ಮತ್ತೆ ಹೋನಿಂಗ್ ಮಾಡಿಸಿ, ಹೊಸ ರಿಂಗ್ ಹಾಕಿಸಬೇಕು.