ಸ್ಕಾಲರ್‌ಶಿಪ್ ಅರ್ಜಿ ಹಾಕೋರಿಗೆ ಒಂದು ಮಾತು

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿವೇತನಕ್ಕೆ ಸಾಮಾನ್ಯವಾಗಿ ಎರಡು ದಾರಿ. ಅಂಕ ನೋಡಿ ಕೊಡೋದು ಒಂದು, ಮನೆ ಪರಿಸ್ಥಿತಿ ನೋಡಿ ಕೊಡೋದು ಇನ್ನೊಂದು. ಮೊದಲನೆಯದಕ್ಕೆ ಅಷ್ಟು ಓಡಾಟವಿಲ್ಲ. ಕೆಲವು ಕಡೆ ಪ್ರವೇಶದ ಅರ್ಜಿಯನ್ನೇ ನೋಡಿ ಆರಿಸಿಬಿಡ್ತಾರೆ. ಆದರೆ ಅದರ ಗಡುವು ಪ್ರವೇಶದ ಕೊನೆ ದಿನಕ್ಕಿಂತ ಮೊದಲೇ ಮುಗಿಯೋದುಂಟು, ಅದನ್ನು ಬೇರೆಯಾಗಿ ನೋಡಿಕೊಳ್ಳಿ.

ಎಲ್ಲರೂ ಎಡವೋದು ಎರಡನೆಯದರಲ್ಲಿ. ಅಲ್ಲಿ ‘ಅಗತ್ಯ’ ಅನ್ನೋದು ಕಣ್ಣೀರಲ್ಲ, ಲೆಕ್ಕ. ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲ ಸೇರಿದ ವರ್ಷದ ಖರ್ಚಿನಲ್ಲಿ ಮನೆಯವರು ಭರಿಸಬಹುದಾದಷ್ಟನ್ನು ಕಳೆದು ಉಳಿದದ್ದನ್ನೇ ಹಲವು ಕಡೆ ಅಗತ್ಯ ಅಂತಾರೆ. ಆದಾಯದ ದಾಖಲೆ ಹೆಚ್ಚಾಗಿ ಹಿಂದಿನ ವರ್ಷದ್ದು. ನಡುವೆ ಅಪ್ಪನ ಕೆಲಸ ಹೋಗಿದ್ದರೆ ಆ ಕಾಗದಕ್ಕೆ ಅದು ಗೊತ್ತೇ ಇರಲ್ಲ! ಕೆಲಸದಿಂದ ತೆಗೆದ ಪತ್ರವೋ ಆಸ್ಪತ್ರೆ ಬಿಲ್ಲೋ ಲಗತ್ತಿಸಿ ಮರುಪರಿಶೀಲನೆ ಕೇಳಿ. ನಾಚಿಕೆ ಬೇಡ, ಕೇಳೋರು ಕಡಿಮೆ ಅಷ್ಟೆ.

ಅಂದಹಾಗೆ, ಎರಡೂ ಸಿಕ್ಕಿತು ಅಂತ ಹಿಗ್ಗುವ ಮುನ್ನ ಷರತ್ತು ಓದಿ. ಒಂದು ಬಂದಾಗ ಇನ್ನೊಂದನ್ನು ಇಳಿಸೋದೂ ಇದೆ. ಮುಂದಿನ ವರ್ಷವೂ ಸಿಗಬೇಕಾದರೆ ಎಷ್ಟು ಅಂಕ ಬೇಕು, ಮತ್ತೆ ಅರ್ಜಿ ಹಾಕಬೇಕಾ ಅನ್ನೋದನ್ನೂ ಈಗಲೇ ಬರೆದಿಟ್ಟುಕೊಳ್ಳಿ.